ಗೋಡೆಯ ಬಲಮೂಲೆ

ಕನ್ನಡಿಯ ಮುಂದೆ ನಿಂತು ಅಲೋಂಜೊ ‘ಇಲ್ಲ’ ಎಂದ. ಸರಿಬರಲಿಲ್ಲ. ಗಂಟಲು ಸರಿಮಾಡಿಕೊಂಡು, ‘ಇಲ್ಲ, ನನ್ನ ಒಪ್ಪಿಗೆ ಇಲ್ಲ’ ಎಂದ. ಈಗ ಅದು ಬಾಡಿಗೆಮನೆ ಬಿಡಲೊಲ್ಲದ ಜಗಳಗಂಟ ಮುದುಕನ ಮಾತಿನ ಹಾಗೆ ಕೇಳಿಸಿತು. ಎಪ್ಪತ್ತಾರು ವರ್ಷ ತುಂಬಿದ ಬಾಯಲ್ಲಿ ಇಷ್ಟು ಸಣ್ಣ ಮಾತು ನಿಲ್ಲುತ್ತಿಲ್ಲವಲ್ಲ ಎಂದು ತನ್ನ ಮೇಲೆಯೇ ಸಿಟ್ಟು ಬಂತು. ನಲವತ್ತೇಳನೇ ರಸ್ತೆಯ ಸಮುದಾಯ ಕೇಂದ್ರದಲ್ಲಿ ಯಾವ ಕೆಲಸವೂ ಹಿರಿಯರ ಅನುಮತಿ ಕೇಳದೆ ಶುರುವಾಗುವುದಿಲ್ಲ. ಇರುವವರಲ್ಲಿ ಎಲ್ಲರಿಗಿಂತ ವಯಸ್ಸಾದವರು ಯಾರೋ ಅವರ ಮುಂದೆ ನಿಂತು, ನಿಮ್ಮ ಅನುಮತಿ ಇದೆಯೇ ಎಂದು ಕೇಳಬೇಕು; ಅವರು ಇದೆ ಎನ್ನಬೇಕು; ಉಳಿದವರೆಲ್ಲ ‘ಆಶೇ’, ಹಾಗೇ ಆಗಲಿ, ಎನ್ನಬೇಕು. ಆಫ್ರಿಕದ ಪದ್ಧತಿ ಎಂದು ಇದನ್ನು ಶುರುಮಾಡಿದವರೇ ಅಲೋಂಜೊನ ಓರಗೆಯವರು. ಆಗ ಅವರಿಗೆಲ್ಲ ಇಪ್ಪತ್ತೆರಡು ಇಪ್ಪತ್ಮೂರು. ಹಿರಿಯರನ್ನು ಎಲ್ಲಿಂದಲೋ ಹುಡುಕಿ ತರಬೇಕಾಗುತ್ತಿತ್ತು. ಪಕ್ಕದ ಚರ್ಚಿನಿಂದ ಕರೆತಂದ ಮುದುಕಿಯರು ಏನೆಂದು ತಿಳಿಯದೆ ‘ಆಮೆನ್’ ಎಂದುಬಿಡುತ್ತಿದ್ದರು. ಅಂದಿನಿಂದ ಇವತ್ತಿನವರೆಗೆ ಒಬ್ಬರೂ ‘ಇಲ್ಲ’ ಎಂದದ್ದಿಲ್ಲ. ಹಾಗೆ ಅನ್ನಬಹುದು ಎಂದೇ ಯಾರಿಗೂ ಹೊಳೆದಿರಲಿಲ್ಲ. ಇವತ್ತು ಮಧ್ಯಾಹ್ನ ಅಲೋಂಜೊ ‘ಇಲ್ಲ’ ಅನ್ನುವವನಿದ್ದ.

ಕಾಗದ ಬಂದು ಎರಡು ವಾರವಾಗಿತ್ತು. ಬರೆದವಳು ಇಮಾರಿ ಎಂಬ ಹುಡುಗಿ, ಕೇಂದ್ರದ ಹೊಸ ಕಲಾವಿದರ ಗುಂಪಿನ ಮುಂದಾಳು. ‘ಪ್ರೀತಿಯ ಬಾಬಾ ಅಲೋಂಜೊ’ ಎಂದು, ಕೇಂದ್ರದಲ್ಲಿ ಹಿರಿಯರನ್ನು ಕರೆಯುವ ಹಾಗೆ, ಶುರುಮಾಡಿದ್ದಳು. ಎದ್ದವರ ಗೋಡೆಯ ಬಲಮೂಲೆಯಲ್ಲಿರುವ ಮುಷ್ಟಿಯ ಕೆಳಗೆ ಮೂವರು ಹೆಂಗಸರ ಚಿತ್ರ ಇತ್ತೆಂದು ನಮಗೆ ತಿಳಿದುಬಂದಿದೆ, ಬಿಡಿಸಿದವರು ರೋಜೆಲ್ ಅಮ್ಮ, ಅದನ್ನು ಯಾರು ಅಳಿಸಿದರೋ ಗೊತ್ತಾಗಿಲ್ಲ, ಮುಷ್ಟಿಯನ್ನು ಕೆರೆದು ತೆಗೆದು ಆ ಹೆಂಗಸರನ್ನು ಮತ್ತೆ ಬರೆಯಬೇಕೆಂದಿದ್ದೇವೆ, ತಮ್ಮ ಅನುಮತಿ ಬೇಡುತ್ತೇವೆ. ಅಲೋಂಜೊ ಆ ಕಾಗದವನ್ನು ಓದಿ ಮಡಿಸಿ ಅಡುಗೆಮನೆಯ ಡ್ರಾಯರಿನಲ್ಲಿ ಚಮಚಗಳ ಕೆಳಗೆ ಇಟ್ಟಿದ್ದ. ದಿನಕ್ಕೆ ಎರಡು ಸಲ ಚಮಚ ತೆಗೆಯುವಾಗ ಅದು ಕೈಗೆ ತಾಗುತ್ತಿತ್ತು. ಬೇರೆ ಕಡೆ ಇಡಬಹುದಾಗಿತ್ತು, ಇಡಲಿಲ್ಲ.

ಕಂದು ಟೋಪಿ ಹಾಕಿಕೊಂಡು ಹೊರಟ. ಜುಲೈ ತಿಂಗಳ ಶನಿವಾರ, ಶಿಕಾಗೊದ ಬಿಸಿಲಿಗೆ ರಸ್ತೆಯ ಡಾಂಬರು ಮೆತ್ತಗಾಗಿತ್ತು. ಗೋಡೆಯ ಮುಂದೆ ಹಾಯದೆ ಹೋಗಲು ಇನ್ನೊಂದು ದಾರಿಯಿದೆ. ಎರಡು ವಾರದಿಂದ ಅವನು ಅದೇ ದಾರಿ ಹಿಡಿದಿದ್ದ. ಇವತ್ತು ಹಟಕ್ಕೆ ಬಿದ್ದವನಂತೆ ಗೋಡೆಯ ಮುಂದೆಯೇ ನಿಂತ. ಮುಚ್ಚಿ ಎಷ್ಟೋ ಕಾಲವಾದ ಲಾಂಡ್ರಿಯ ಪಕ್ಕದ ಗೋಡೆ. ಎಡದಿಂದ ಬಲಕ್ಕೆ ಕರಿಯರ ಹಕ್ಕಿಗೆ ಹೋರಾಡಿದ ಒಂಬತ್ತು ಗಂಡಸರ ಮುಖಗಳು, ಬಿಸಿಲಿಗೆ ಹಿಮಕ್ಕೆ ಬಣ್ಣ ಉದುರಿ ಯಾರು ಯಾರೆಂದು ಹೇಳುವುದೇ ಕಷ್ಟವಾಗಿದೆ. ಬಲಮೂಲೆಯ ಮುಷ್ಟಿ ಮಾತ್ರ ಇನ್ನೂ ಗಟ್ಟಿ. ಎರಡಾಳೆತ್ತರದ ಕಪ್ಪು ಮುಷ್ಟಿ, ಹೆಬ್ಬೆರಳಿನ ಉಗುರಿನಲ್ಲಿ ಒಂದು ಬಿಳಿ ಗೆರೆ. ಆ ಬಿಳಿ ಗೆರೆಯಿಂದಲೇ ಅದು ಅಲೋಂಜೊನದು ಎಂದು ಒಂದು ಕಾಲದಲ್ಲಿ ದೇಶಕ್ಕೆಲ್ಲ ಗೊತ್ತಿತ್ತು. ಪೋಸ್ಟರುಗಳಲ್ಲಿ, ಅಂಗಿಗಳ ಮೇಲೆ, ಅಟ್ಲಾಂಟದ ಒಂದು ಕ್ಷೌರದಂಗಡಿಯ ಗಾಜಿನ ಮೇಲೆ ಅವನೇ ಅದನ್ನು ಕಂಡಿದ್ದ. ಆಮೇಲೆ ಅವನು ನಲವತ್ತು ವರ್ಷ ಬರೆದದ್ದು ಒಂದೂ ಯಾರಿಗೂ ನೆನಪಿಲ್ಲ. ಮುಷ್ಟಿಯ ಅಲೋಂಜೊ ಅಂದರೆ ಸಾಕು. ಆ ಮುಷ್ಟಿಯನ್ನು ಈ ಮಕ್ಕಳು ಕೆರೆದರೆ ಅವನಿಗೆ ಉಳಿಯುವುದು ಮಂಡಿನೋವು ಒಂದೇ. ಕೆರೆದ ಮೇಲೆ ಕೆಳಗೆ ಏನಿದೆ ಎಂದು ನೋಡುವವರು, ಅದರ ಮೇಲೆ ಬಣ್ಣ ಬಳಿದವರು ಯಾರು ಎಂದೂ ಕೇಳದೆ ಬಿಡುವುದಿಲ್ಲ.

ಅಂದು ಆ ಗೋಡೆ ಬರೆದ ಗುಂಪಿಗೆ ಹತ್ತು ಕೈ ಬಳಗ ಎಂದು ಹೆಸರಿಟ್ಟವನು ಅದರ ಮುಂದಾಳು ಕ್ಲಿಯೋಫಸ್. ಐದು ಜನ, ಹತ್ತು ಕೈ, ಎಂದು ಕುಡಿದ ಕಾಫಿಯ ಕಪ್ಪಿನ ಮೇಲೆ ಬರೆದು ತೋರಿಸಿದ್ದ. ನಾಲ್ವರು ಗಂಡಸರು, ಒಬ್ಬಳು ರೋಜೆಲ್. ಗೋಡೆ ಹಂಚುವಾಗ ಅವಳಿಗೆ ಬಲಮೂಲೆ ಬಂತು, ಕಸದ ಡಬ್ಬಿಗಳು ಇರುತ್ತಿದ್ದ ಕಡೆ. ಅಲೋಂಜೊನಿಗೆ ಯಾವ ಮುಖವೂ ಬರಲಿಲ್ಲ; ಮುಖ ಅವನಿಗೆ ಒಲಿಯುತ್ತಿರಲಿಲ್ಲ, ಉಳಿದವರು ಬಿಡಿಸಿದ ಮುಖಗಳಿಗೆ ಕಿವಿ ಬರೆಯುವ ಕೆಲಸ ಕೊಟ್ಟಿದ್ದರು. ಒಂಬತ್ತು ಜನ, ಹದಿನೆಂಟು ಕಿವಿ. ಒಂದು ದಿನ ಬಸ್ಸಿಗೆ ಕಾಯುತ್ತಿದ್ದ ಮುದುಕಿಯೊಬ್ಬಳು ಮೂಗಿನ ತುದಿಗೆ ಕನ್ನಡಕ ಇಳಿಸಿ ನೋಡಿ, ‘ಈ ಕಿವಿ ಬರೆದ ಹುಡುಗ ಯಾರಪ್ಪಾ, ಎಲೆಕೋಸು ಅಂಟಿಸಿದ ಹಾಗಿದೆ’ ಎಂದಿದ್ದಳು. ಎಲ್ಲರೂ ನಕ್ಕರು, ರೋಜೆಲ್ ಕೂಡ ನಕ್ಕಳು. ಆಮೇಲೆ ಆ ಮುದುಕಿ ರೋಜೆಲ್‌ಳ ಮೂಲೆಗೆ ಹೋಗಿ ನಿಂತವಳು ಎರಡು ಬಸ್ಸು ತಪ್ಪಿಸಿಕೊಂಡಳು. ಅಲ್ಲಿ ಮೂವರು ಹೆಂಗಸರು ಮೂಡುತ್ತಿದ್ದರು: ಅದೇ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು, ಬಸ್ ನಿಲ್ದಾಣದಲ್ಲಿ ಶೂ ಕಳಚಿ ಪಾದ ತಿಕ್ಕಿಕೊಳ್ಳುವವಳು, ಹುಡುಗಿಯೊಬ್ಬಳ ಜಡೆ ಹೆಣೆಯುವ ಅಜ್ಜಿ. ದಿನ ಕಳೆದಂತೆ ಜನ ಗಂಡಸರ ಮುಖಗಳನ್ನು ಹಾದು ಸೀದಾ ಆ ಮೂಲೆಗೆ ಹೋಗತೊಡಗಿದರು. ಇದು ಹೋರಾಟಗಾರರ ಗೋಡೆ, ಬಟ್ಟೆ ಒಗೆಯುವವರದಲ್ಲ ಎಂದು ಮೊದಲು ಎತ್ತಿದವನು ಅಲೋಂಜೊ. ಇನ್ನಿಬ್ಬರು ಹೌದೆಂದರು. ಕ್ಲಿಯೋಫಸ್ ಅಜ್ಜಿಯ ಮಣ್ಣಿಗೆ ಮಿಸ್ಸಿಸಿಪ್ಪಿಗೆ ಹೊರಟಿದ್ದ, ಮನೆಯಲ್ಲಿ ಬಸುರಿ ಹೆಂಡತಿ. ಹೋಗುವಾಗ, ‘ನಾನು ಬರೋತನಕ ಗೋಡೆ ಮುಟ್ಬೇಡಿ’ ಎಂದು ಹೇಳಿ ಹೋದ. ಮಂಗಳವಾರ ಬೆಳಗ್ಗೆ ಆರೂವರೆಗೆ ಅಲೋಂಜೊ ಒಬ್ಬನೇ ಬಂದು ಇಟ್ಟಿಗೆ ಬಣ್ಣದ ಡಬ್ಬಿ ತೆಗೆದ. ಚಿತ್ರದ ಅಜ್ಜಿಯ ಬೆರಳುಗಳ ಮೇಲೆ ಬಣ್ಣ ಎಳೆಯುವಾಗ ಇದು ಚಳವಳಿಗಾಗಿ ಎಂದುಕೊಂಡ. ಅಷ್ಟು ಚೆನ್ನಾಗಿ ಬೆರಳು ಬರೆಯಲು ತನಗೆ ಈ ಜನ್ಮದಲ್ಲಿ ಬರುವುದಿಲ್ಲ ಎನ್ನುವುದೂ ಅವನಿಗೆ ಆ ಹೊತ್ತಿನಲ್ಲಿ ಚೆನ್ನಾಗಿ ಗೊತ್ತಿತ್ತು.

‘ದಾರಿ ಬಿಡಿ ಅಜ್ಜಾ,’ ಎಂದು ಸೈಕಲ್ಲಿನ ಹುಡುಗಿಯೊಬ್ಬಳು ಗಂಟೆ ಬಾರಿಸಿದಳು. ಅಲೋಂಜೊ ಪಕ್ಕಕ್ಕೆ ಸರಿದು ನಡೆಯತೊಡಗಿದ.

ಕೇಂದ್ರದ ಬಾಗಿಲಲ್ಲೇ ವರ್ನೆಟ್ಟಾ ಸಿಕ್ಕಿದಳು. ಕ್ಲಿಯೋಫಸ್‌ನ ಮಗಳು, ಐವತ್ನಾಲ್ಕರ ಹೆಂಗಸು, ಅಂಚೆಕಚೇರಿಯಲ್ಲಿ ಕೆಲಸ. ಅಪ್ಪ ಸತ್ತ ಮೇಲೆ ಕೇಂದ್ರದ ಅಡುಗೆಮನೆ ಅವಳದೇ. ಕೈಗೆ ಮೆತ್ತಿದ ಹಿಟ್ಟು ಒರೆಸಿಕೊಳ್ಳುತ್ತ, ‘ಬನ್ನಿ ಅಂಕಲ್, ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ? ಫೋನ್ ಮಾಡಿದ್ರೆ ನಾನೇ ಬರ್ತಿದ್ನಲ್ಲ,’ ಎಂದು ಬೈದು, ಮೆತ್ತೆ ಹಾಕಿದ ಕುರ್ಚಿಯನ್ನು ಫ್ಯಾನಿನ ಕೆಳಗೆ ಎಳೆದು ಕೂರಿಸಿದಳು. ಒಳಗಿಂದ ಮೀನು ಕರಿಯುವ ವಾಸನೆ, ಸೊಪ್ಪು ಬೇಯುವ ವಾಸನೆ. ಪ್ರತಿ ವರ್ಷ ಅವನ ಹುಟ್ಟುಹಬ್ಬಕ್ಕೆ ನಿಂಬೆಹಣ್ಣಿನ ಕೇಕು ಮಾಡಿಕೊಂಡು ಮೂರು ಮಹಡಿ ಹತ್ತಿ ಬರುವವಳು ಇವಳೊಬ್ಬಳೇ. ಅಪ್ಪ ಹೇಳಿಹೋಗಿದ್ದಾರೆ, ಅಲೋಂಜೊನ ನೋಡ್ಕೊ ಅಂತ, ಎನ್ನುತ್ತಿದ್ದಳು. ಹಾಗೆಂದಾಗಲೆಲ್ಲ ಅವನಿಗೆ ಕೇಕು ರುಚಿಸುತ್ತಿರಲಿಲ್ಲ, ಆದರೂ ಎರಡು ತುಂಡು ತಿನ್ನುತ್ತಿದ್ದ.

ಇಪ್ಪತ್ತು ಇಪ್ಪತ್ತೈದು ಜನ ಸೇರಿದ್ದರು, ಹೆಚ್ಚಿನವರು ಎಳೆಯರು. ತಾನು ಹೋದ ಕಡೆಯೆಲ್ಲ ಇವರು ಎದ್ದು ನಿಲ್ಲುತ್ತಾರೆ, ಬಾಬಾ ಎನ್ನುತ್ತಾರೆ, ತಟ್ಟೆ ತಂದುಕೊಡುತ್ತಾರೆ, ತಾನು ಮಾತು ಶುರುಮಾಡಿದರೆ ಮಾತ್ರ ಕಣ್ಣು ಫೋನಿಗೆ ಹೋಗುತ್ತದೆ. ನಾಲ್ಕು ವರ್ಷದ ಹಿಂದೆ ಪೊಲೀಸರ ವಿರುದ್ಧ ಊರಿಗೆ ಊರೇ ಬೀದಿಗಿಳಿದಾಗ ಅವನನ್ನು ಲಾರಿಯ ಮೇಲೆ ಹತ್ತಿಸಿ ಮಾತಾಡಿ ಎಂದಿದ್ದರು. ಮೂರು ನಿಮಿಷ ಎಂದೂ ಹೇಳಿದ್ದರು. ಅವನು ಊರು ಹೊತ್ತಿ ಉರಿದ ಅರವತ್ತೆಂಟರ ಏಪ್ರಿಲ್ಲಿಗೆ ಬರುವಷ್ಟರಲ್ಲಿ ಯಾರದೋ ಫೋನು ಬಾತುಕೋಳಿಯ ಹಾಗೆ ಕೂಗಿತು. ಸಮಯ ಮುಗಿಯಿತು ಎಂಬುದಕ್ಕೆ ಅವರು ಇಟ್ಟುಕೊಂಡ ಗಂಟೆ ಅದು. ಸಾವಿರಾರು ಜನ ನಕ್ಕರು. ಕೆಟ್ಟ ನಗುವಲ್ಲ, ಪ್ರೀತಿಯದೇ. ಮೈಕು ತೆಗೆದುಕೊಂಡವಳು ಇದೇ ಇಮಾರಿ. ಅವಳು ಎರಡೂವರೆ ನಿಮಿಷ ಮಾತಾಡಿದಳು, ಜನ ಅತ್ತರು. ಲಾರಿಯಿಂದ ಇಳಿಯುವಾಗ ಇಬ್ಬರು ಅವನ ಕಂಕುಳಿಗೆ ಕೈಹಾಕಿ ಎತ್ತಿ ಇಳಿಸಿದರು. ಅವಳು ಹೇಳಿದ್ದು ಚೆನ್ನಾಗಿತ್ತೆಂದು ಒಪ್ಪಲು ಅವನಿಗೆ ಇನ್ನೂ ಆಗಿಲ್ಲ.

ಇಮಾರಿ ಬಂದು ಅವನ ಕುರ್ಚಿಯ ಪಕ್ಕ ನೆಲದ ಮೇಲೇ ಕುಳಿತಳು. ಇಪ್ಪತ್ತೈದರ ಹುಡುಗಿ, ಬೆರಳ ಸಂದಿಯಲ್ಲಿ ನೀಲಿ ಬಣ್ಣ. ‘ಬಾಬಾ, ಕಾಗದಕ್ಕೆ ಉತ್ತರ ಬರ್ಲಿಲ್ಲ. ಕೋಪಾನಾ?’

‘ಕೋಪ ಯಾಕಮ್ಮ. ನೀವು ಅಳಿಸೋರು, ನಾವು ಅಳಿಸಿಸಿಕೊಳ್ಳೋರು.’

‘ನಾವು ಅಳಿಸ್ತಿಲ್ಲ ಬಾಬಾ. ಅಳಿಸಿಹೋಗಿದ್ದನ್ನ ವಾಪಸ್ ತರ್ತಿದೀವಿ.’

‘ಆ ಮುಷ್ಟಿ ಇರದೇ ಹೋಗಿದ್ರೆ ನೀನು ಇವತ್ತು ಇಲ್ಲಿ ಕೂತು ಹೀಗೆ ಮಾತಾಡ್ತಿರ್ಲಿಲ್ಲ.’

‘ಮುಷ್ಟಿ ಕಟ್ಕೊಂಡೇ ಇದ್ರೆ ಬ್ರಷ್ ಹಿಡಿಯೋದು ಹೆಂಗೆ ಬಾಬಾ?’ ಎಂದ ಪಕ್ಕದಲ್ಲಿ ಕುರ್ಚಿ ಜೋಡಿಸುತ್ತಿದ್ದ ಜಬಾರಿ, ಇಮಾರಿಯ ಜೊತೆಗಾರ, ನೆಟ್ಟಗೆ ಉದ್ದಕ್ಕೆ ಬೆಳೆದ ಹುಡುಗ. ಸುತ್ತ ಕೂತವರು ಕಿಸಕ್ಕೆಂದರು. ‘ತಮಾಷೆಗೆ ಅಂದೆ, ಬೇಜಾರಾಗ್ಬೇಡಿ. ನಮ್ಮಜ್ಜಿ ಮನೇಲಿ ನಿಮ್ಮ ಪೋಸ್ಟರ್ ಇನ್ನೂ ಇದೆ. ಬಾತ್‌ರೂಮಲ್ಲಿ.’

‘ಬಾತ್‌ರೂಮಲ್ಲಿ ಯಾಕೆ?’

‘ದಿನಾ ನೋಡ್ಬೇಕಲ್ಲ, ಅದಕ್ಕೆ ಅಂತೆ.’

ಈ ಸಲ ಅಲೋಂಜೊ ಕೂಡ ನಕ್ಕ. ನಕ್ಕದ್ದಕ್ಕೆ ಕೂಡಲೇ ಸಿಟ್ಟು ಬಂತು. ಮುಖ ಗಂಟಿಕ್ಕಿಕೊಂಡು ಮನಸ್ಸಿನಲ್ಲೇ ‘ಇಲ್ಲ’ ಎಂದು ಒಮ್ಮೆ ಹೇಳಿಕೊಂಡ. ಏನು ಕಾರಣ ಕೊಡಬೇಕೆಂಬುದೂ ತಯಾರಿತ್ತು: ಚರಿತ್ರೆಯನ್ನು ಕೆರೆಯಬಾರದು, ಸತ್ತವರ ಕೆಲಸಕ್ಕೆ ಕೈ ಹಾಕಬಾರದು. ರೋಜೆಲ್ ಸತ್ತಿದ್ದಾಳೆ, ಇನ್ನಿಬ್ಬರು ಸತ್ತಿದ್ದಾರೆ, ಕ್ಲಿಯೋಫಸ್ ಸತ್ತು ಹನ್ನೊಂದು ವರ್ಷ. ಬಳಗದಲ್ಲಿ ಉಳಿದವನು ತಾನೊಬ್ಬ; ತಾನು ಇಲ್ಲವೆಂದರೆ ಹೌದೆನ್ನಲು ಇನ್ನೊಬ್ಬರಿಲ್ಲ. ರೋಜೆಲ್ ಹೋದಳಂತೆ ಎಂದು ಯಾರದೋ ಮಣ್ಣಿನ ಊಟದಲ್ಲಿ ಯಾರೋ ಹೇಳಿದ್ದರು, ಇಪ್ಪತ್ತೈದು ವರ್ಷವಾಗಿರಬೇಕು. ಎಲ್ಲಿ, ಯಾವಾಗ ಎಂದು ಅವನು ಕೇಳಲಿಲ್ಲ. ತಟ್ಟೆಯಲ್ಲಿದ್ದ ಕೋಳಿಯ ಕಾಲನ್ನು ನೋಡುತ್ತ, ಅಯ್ಯೋ ಪಾಪ ಎಂದಿದ್ದ. ಒಳಗೆ ಏನೋ ಸಡಿಲವಾದದ್ದು ಅವನಿಗೆ ತಿಳಿದಿತ್ತು. ಅಷ್ಟು ಹಸಿವಾಗಿ ಎಷ್ಟೋ ದಿನವಾಗಿತ್ತು.

ನೀರು ಬಿಡುವ ಹೊತ್ತಾಯಿತು. ಎಲ್ಲರೂ ಎದ್ದು ಸುತ್ತ ನಿಂತರು. ನಡುವೆ ಒಂದು ಗಿಡದ ಕುಂಡ. ಎಲ್ಲರಿಗಿಂತ ಹಿರಿಯನೆಂದು ಚೊಂಬನ್ನು ಅಲೋಂಜೊನ ಕೈಗೆ ಕೊಟ್ಟರು. ತೀರಿಕೊಂಡವರ ಹೆಸರು ಒಂದೊಂದಾಗಿ ಕೂಗಿ, ಒಂದೊಂದಕ್ಕೂ ಒಂದು ಗುಟುಕು ನೀರು ಬುಡಕ್ಕೆ ಬಿಡಬೇಕು, ಆಮೇಲೆ ಅನುಮತಿ. ಅವನು ಚೊಂಬಿಗೆ ಎಡಗೈಯನ್ನೂ ಆನಿಸಿಕೊಂಡ. ಅಮ್ಮನ ಹೆಸರು ಕೂಗಿದ. ಆಶೇ. ಬಳಗದ ಇಬ್ಬರ ಹೆಸರು ಕೂಗಿದ. ಆಶೇ, ಆಶೇ. ‘ಕ್ಲಿಯೋಫಸ್’ ಎಂದ. ಅಡುಗೆಮನೆಯ ಬಾಗಿಲಿನಿಂದ ವರ್ನೆಟ್ಟಾಳ ಆಶೇ ಎಲ್ಲರಿಗಿಂತ ಗಟ್ಟಿಯಾಗಿ ಕೇಳಿಸಿತು. ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಆದರೆ ಚೊಂಬಿನಲ್ಲಿ ಇನ್ನೂ ನೀರಿತ್ತು. ಆ ಕಾಗದ, ಗೋಡೆಯ ಮುಂದೆ ನಿಂತದ್ದು, ಅಜ್ಜಿಯ ಬೆರಳುಗಳು, ಎಲ್ಲ ಸೇರಿ ಅವನ ಎದೆಯನ್ನು ಒತ್ತುತ್ತಿದ್ದವು. ಇಷ್ಟು ವರ್ಷ ಒಂದು ಸಲವೂ ಕೂಗದ ಹೆಸರು ತಾನಾಗಿ ಬಾಯಿಂದ ಬಂತು. ‘ರೋಜೆಲ್,’ ಎಂದ, ಮೆತ್ತಗೆ, ನೀರು ಬಿಡುತ್ತ. ಕಣ್ಣು ಹನಿಗೂಡಿತು. ಕ್ಷಮಿಸು ಎಂದು ಒಳಗೇ ಹೇಳಿಯೂಬಿಟ್ಟ. ಸತ್ತವರಿಗೆ ಹೇಳುವುದು ಎಷ್ಟು ಸುಲಭ ಎಂದು ಅವನಿಗೇ ಆಶ್ಚರ್ಯವಾಯಿತು, ಇದನ್ನು ಮೊದಲೇ ಮಾಡಬಹುದಾಗಿತ್ತು.

ಯಾರೂ ಆಶೇ ಎನ್ನಲಿಲ್ಲ.

ಕೇಳಿಸಲಿಲ್ಲವೇನೋ ಎಂದುಕೊಂಡು ಅವನು ಇನ್ನೊಮ್ಮೆ, ಗಟ್ಟಿಯಾಗಿ, ‘ರೋಜೆಲ್’ ಎಂದ. ಜಬಾರಿ ನೆಲ ನೋಡುತ್ತಿದ್ದ. ಇಮಾರಿ ಹತ್ತಿರ ಬಂದು ಚೊಂಬನ್ನು ಅವನ ಕೈಯಿಂದ ಮೆಲ್ಲಗೆ ತೆಗೆದುಕೊಂಡಳು.

‘ಬಾಬಾ, ರೋಜೆಲ್ ಅಮ್ಮ ಇದಾರೆ.’

‘ಎಲ್ಲಿದಾರೆ?’

‘ಗ್ಯಾರೀಲಿ. ವೃದ್ಧರ ಮನೇಲಿ. ನಾನು ಪ್ರತಿ ಭಾನುವಾರ ಹೋಗ್ತೀನಿ. ಗೋಡೆಯ ಹಳೇ ಫೋಟೋಗಳನ್ನ ಕೊಟ್ಟಿದ್ದು ಅವರೇ. ಕಾಲು ಬರಲ್ಲ, ಇಲ್ಲಾಂದ್ರೆ ಇವತ್ತು ಬರ್ತಿದ್ರು.’

ಗ್ಯಾರಿ ಎಂದರೆ ರೈಲಿನಲ್ಲಿ ಮುಕ್ಕಾಲು ಗಂಟೆ. ಬದುಕಿದ್ದವಳ ಹೆಸರಿಗೆ ನೀರು ಬಿಟ್ಟೆನಲ್ಲ ಎಂಬ ನಾಚಿಕೆ ಮೊದಲು ಬಂದು, ಅದರ ಬೆನ್ನಿಗೇ ಹೆದರಿಕೆ ಬಂತು. ಹಿಂದೆ ಯಾರೋ ಮುಸಿಮುಸಿ ನಗುತ್ತಿದ್ದರು, ಯಾರೋ ಅವರನ್ನು ತಿವಿದು ಸುಮ್ಮನಾಗಿಸಿದರು. ಹಿರಿಯರು ಮಾಡಬಾರದ ತಪ್ಪು ಇದು. ಹಿಂದೆ ಯಾರಾದರೂ ಮಾಡಿದ್ದರೆ ಅಲೋಂಜೊನೇ ಎದ್ದುನಿಂತು ಬೈಯುತ್ತಿದ್ದ. ಕುರ್ಚಿಗೆ ಬಂದು ಕುಳಿತ. ಟೋಪಿ ತೆಗೆದು ಮಂಡಿಯ ಮೇಲೆ ಇಟ್ಟುಕೊಂಡ.

‘ಪರವಾಗಿಲ್ಲ ಬಾಬಾ, ಅವರಿಗೆ ಆಯುಸ್ಸು ಜಾಸ್ತಿಯಾಯ್ತು ಬಿಡಿ,’ ಎಂದ ಜಬಾರಿ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

ಇಮಾರಿ ಮತ್ತೆ ನೆಲದ ಮೇಲೆ ಕುಳಿತು ಫೋನು ತೆಗೆದಳು. ‘ಅವರು ನಿಮಗಿಂತ ಎರಡು ವರ್ಷ ದೊಡ್ಡೋರು ಬಾಬಾ. ಪದ್ಧತಿ ಪ್ರಕಾರ ಅನುಮತಿ ಅವರ ಹತ್ರ ಕೇಳ್ಬೇಕು. ಕೇಳಿದ್ವಿ, ಕೊಟ್ರು. ಆದ್ರೆ ಮುಷ್ಟಿ ನಿಮ್ಮದು, ನಿಮ್ಮನ್ನ ಕೇಳದೆ ಮುಟ್ಟಕೂಡದು ಅಂತ ಹೇಳಿದಾರೆ. ನಿಮ್ಮ ಹತ್ರ ಒಂದು ಮಾತು ಕೇಳೋದಿದೆಯಂತೆ. ಈಗ ಫೋನಿಗೆ ಕಾಯ್ತಿದಾರೆ. ಎಲ್ಲರಿಗೂ ಕೇಳ್ಸೋ ಹಾಗೆ ಹಾಕ್ಲಾ?’

ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅವಳು ಹಾಕಿಯಾಗಿತ್ತು. ಫೋನಿನಿಂದ ಮೊದಲು ಟೀವಿಯ ಸದ್ದು ಬಂತು, ಆಮೇಲೆ ಯಾರನ್ನೋ ಅದನ್ನು ಆರಿಸೆಂದು ಗದರುವ ದನಿ. ಐವತ್ನಾಲ್ಕು ವರ್ಷದ ಮೇಲೂ ಅದೇ ದನಿ, ಸ್ವಲ್ಪ ಒಣಗಿತ್ತು ಅಷ್ಟೆ.

‘ಯಾರದು, ಅಲೋಂಜೊನಾ? ಕಿವಿ ಬರೀತಿದ್ನಲ್ಲ, ಆ ಹುಡುಗ?’

ಎಲ್ಲರೂ ನಕ್ಕರು. ‘ಹೌದು ರೋಜೆಲ್,’ ಎಂದ.

‘ಬದುಕಿದೀಯಲ್ಲಪ್ಪ.’

‘ಇದೀನಿ.’

‘ಬಾಬಾ ನಿಮ್ಮ ಹೆಸರಿಗೆ ನೀರು ಬಿಟ್ಟುಬಿಟ್ರು ಅಮ್ಮಾ,’ ಎಂದು ಜಬಾರಿ ದೂರದಿಂದ ಕೂಗಿದ.

‘ಬಿಡ್ಲಿ ಬಿಡು. ಸೆಕೆ ಬಹಳ ಇದೆ ಇಲ್ಲಿ.’ ಅವಳೂ ನಕ್ಕಳು, ನಗು ಕೆಮ್ಮಾಯಿತು, ಯಾರೋ ನೀರು ಕೊಟ್ಟರು. ಮತ್ತೆ ಮಾತಾಡಿದಾಗ ದನಿ ತಗ್ಗಿತ್ತು. ‘ನೋಡು, ನಿನ್ನ ಮುಷ್ಟಿ ಮೇಲೆ ನಂಗೆ ಏನೂ ಇಲ್ಲ. ಖಾಲಿ ಜಾಗ ಕೊಟ್ರು, ನೀನು ಬರ್ದೆ. ಚಿಕ್ಕವನು, ನಿಂಗೇನು ಗೊತ್ತಿತ್ತು. ನಂಗೆ ಬೇಕಾಗಿರೋದು ಒಂದೇ ಮಾತು. ಮಿಕ್ಕೋರೆಲ್ಲ ಹೋದ್ರು, ಕೇಳೋಕೆ ನೀನೊಬ್ಬ ಉಳಿದಿದೀಯ. ನನ್ನ ಹೆಂಗಸರ ಮೇಲೆ ಬಣ್ಣ ಬಳಿದಿದ್ದು ಕ್ಲಿಯೋಫಸ್ಸೇ ತಾನೆ?’

ಮಿಸ್ಸಿಸಿಪ್ಪಿಯಿಂದ ಬಂದ ಕ್ಲಿಯೋಫಸ್ ಗೋಡೆಯ ಮುಂದೆ ಎಷ್ಟೋ ಹೊತ್ತು ನಿಂತಿದ್ದ. ರೋಜೆಲ್ ಬಂದು ಅವನ ಮುಖಕ್ಕೆ ಮುಖಕೊಟ್ಟು ಯಾರು ಮಾಡಿದ್ದು ಎಂದಳು. ಗೋಡೆ ಮೇಲೆ ಏನೇ ಆದ್ರೂ ಅದು ನಂದು, ಎಂದ ಕ್ಲಿಯೋಫಸ್. ಊರಲ್ಲಿರಲಿಲ್ಲ ಎಂದು ಹೇಳಲಿಲ್ಲ. ಅವಳು ಆ ದಿನಗಳಲ್ಲಿ ಅಕ್ಕನ ಮನೆಗೆ ಹೋಗಿದ್ದವಳು, ಅವನು ಹೋಗಿಬಂದದ್ದು ಅವಳಿಗೆ ತಿಳಿಯದು. ಅವಳು ಅವನ ಕಾಲ ಬಳಿ ಬ್ರಷ್ ಎಸೆದು ಹೊರಟುಹೋದಳು. ಆಮೇಲೆ ಕ್ಲಿಯೋಫಸ್ ಅಲೋಂಜೊನ ಕೈಗಳನ್ನು ನೋಡಿ, ‘ಉಗುರು ತೊಳ್ಕೊ’ ಎಂದ. ಅಷ್ಟೇ. ಸಾಯುವವರೆಗೆ ಇನ್ನೊಂದು ಮಾತು ಅದರ ಬಗ್ಗೆ ಆಡಲಿಲ್ಲ. ಬೈದಿದ್ದರೆ, ಹೊಡೆದಿದ್ದರೆ, ಅಲೋಂಜೊ ಅವನನ್ನು ಎಂದೋ ಕ್ಷಮಿಸಿಬಿಡುತ್ತಿದ್ದ.

‘ಲೈನಲ್ಲಿದೀಯಾ?’ ಎಂದಳು ರೋಜೆಲ್. ‘ಅವನ ಮಣ್ಣಿಗೂ ನಾನು ಬರ್ಲಿಲ್ಲ. ಎರಡು ಸಲ ಫೋನ್ ಮಾಡಿದ್ದ, ದನಿ ಕೇಳಿ ಇಟ್ಟುಬಿಟ್ಟೆ. ಈ ಹುಡುಗಿ ಬಂದು ಅದು ಇದು ಕೇಳೋಕೆ ಶುರುಮಾಡಿದ್ಮೇಲೆ ನಿದ್ದೆ ಬರ್ತಿಲ್ಲ. ಅವನಲ್ಲದೆ ಬೇರೆ ಯಾರಾದ್ರೂ ಆಗಿದ್ರೆ ಹೇಳಿಬಿಡಪ್ಪ. ನಾನು ಹೋಗೋದ್ರೊಳಗೆ ಅವನ ಹತ್ರ ಒಂದು ತಪ್ಪಾಯ್ತು ಅಂದ್ಕೋಬೇಕು.’

ಹೇಳಬೇಕಾದದ್ದು ಎರಡೇ ಪದ. ಅಲ್ಲ, ನಾನು. ಹೇಳಿದರೆ ಅವಳು ಬೈಯಬಹುದು, ಬೈಯದೆಯೂ ಇರಬಹುದು, ಎಪ್ಪತ್ತೆಂಟು ವರ್ಷದ ಹೆಂಗಸು ಫೋನಿನ ಆ ತುದಿಯಿಂದ ಅವನಿಗೆ ಏನು ತಾನೇ ಮಾಡಿಯಾಳು. ಅವಳ ಹೆದರಿಕೆ ಅವನಿಗಿರಲಿಲ್ಲ. ಅವನು ಸುತ್ತ ನೋಡಿದ. ಇಪ್ಪತ್ತೈದು ಮುಖಗಳು, ಯಾವುದರಲ್ಲೂ ಕೇಡಿಲ್ಲ. ಮೊದಲ ಸಲ ಒಬ್ಬರ ಕಣ್ಣೂ ಫೋನಿಗೆ ಇಳಿದಿರಲಿಲ್ಲ; ಎಲ್ಲರೂ ಅವನ ಮಾತಿಗೆ ಕಾಯುತ್ತಿದ್ದರು. ಹೇಳಿದ ಮರುಕ್ಷಣ ಈ ಮುಖಗಳು ಹೇಗಾಗುತ್ತವೆ ಎಂದು ಅವನಿಗೆ ಗೊತ್ತಿತ್ತು. ಆಮೇಲೆ ಇವರು ಬಾಬಾ ಎನ್ನುತ್ತಾರೆ, ಕುರ್ಚಿಯನ್ನೂ ಕೊಡುತ್ತಾರೆ, ನಿಮ್ಮ ಪ್ರಾಮಾಣಿಕತೆಗೆ ಧನ್ಯವಾದ ಎಂದೂ ಹೇಳಬಹುದು. ಆ ಧನ್ಯವಾದವನ್ನು ಹೊತ್ತುಕೊಂಡು ಮೂರು ಮಹಡಿ ಹತ್ತುವುದು ಅವನಿಗೆ ಕಂಡಿತು. ಹತ್ತಲಾರೆ ಅನ್ನಿಸಿತು.

‘ಹೌದು,’ ಎಂದ. ‘ಕ್ಲಿಯೋಫಸ್.’

ಆ ತುದಿಯಿಂದ ರೋಜೆಲ್ ಕೇಳಿದಳು, ‘ನೀನೇ ಕಣ್ಣಾರೆ ಕಂಡ್ಯಾ?’

‘ಕಂಡೆ. ಬೇಡ ಅಂದೆ. ಕೇಳ್ಲಿಲ್ಲ.’ ಇದನ್ನು ಯಾರೂ ಕೇಳಿರಲಿಲ್ಲ. ತಾನಾಗಿಯೇ ಬಂತು, ಸಲೀಸಾಗಿ. ಬೆಳಗ್ಗೆ ಕನ್ನಡಿಯ ಮುಂದೆ ಅಷ್ಟು ತಡವರಿಸಿದ ಬಾಯಿ ಇದೇ.

‘ಸರಿ ಹಾಗಾದ್ರೆ,’ ಎಂದಳು ರೋಜೆಲ್. ‘ನಾನೇನೂ ತಪ್ಪು ಮಾಡ್ಲಿಲ್ಲ. ಇಟ್ಟುಬಿಡಮ್ಮ ಇಮಾರಿ, ಊಟ ಬಂತು.’

ಯಾರೋ ಮೂಗೊರೆಸಿಕೊಂಡರು. ಇಮಾರಿ ಅವನ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಿದ್ದಳು, ಅವಳ ಕಣ್ಣು ತುಂಬಿತ್ತು. ‘ಥ್ಯಾಂಕ್ಸ್ ಬಾಬಾ. ಸ್ನೇಹಿತನ ಬಗ್ಗೆ ಹೀಗೆ ಹೇಳೋದು ಸುಲಭ ಅಲ್ಲ. ನಿಮ್ಮ ಕಾಲದೋರು ಯಾರೂ ಬಾಯಿ ಬಿಡಲ್ಲ ಅಂತ ನಾವು ಎಷ್ಟು ಸಲ ಬೈಕೊಂಡಿದೀವಿ ಗೊತ್ತಾ?’ ಗೋಡೆಯ ಪಕ್ಕ ಹಾಕುವ ಫಲಕದಲ್ಲಿ ಇದನ್ನೆಲ್ಲ ಬರೆಯುತ್ತೇವೆ, ಇನ್ನು ಯಾರೂ ಮುಚ್ಚಿಡುವ ಹಾಗಿಲ್ಲ ಎಂದಳು. ಆಮೇಲೆ ಎದ್ದು ನೆಟ್ಟಗೆ ನಿಂತು, ಪದ್ಧತಿಯಂತೆ, ನಿಮ್ಮ ಅನುಮತಿ ಇದೆಯೇ ಎಂದು ಕೇಳಿದಳು. ಅಲೋಂಜೊ ಇದೆ ಎಂದ. ಎಲ್ಲರೂ ಆಶೇ ಎಂದರು. ಮುಷ್ಟಿ ಹೋಯಿತು, ಅವನಿಗೆ ಅದರ ನೋವೂ ಆಗಲಿಲ್ಲ. ಹುಡುಗರು ಒಬ್ಬೊಬ್ಬರಾಗಿ ಬಂದು ಬಗ್ಗಿ ಅವನನ್ನು ತಬ್ಬಿಕೊಂಡು ಹೋದರು. ಜಬಾರಿ, ‘ಬಾತ್‌ರೂಮಿಂದ ಪೋಸ್ಟರ್ ತೆಗೆದು ಹಾಲ್‌ಗೆ ಹಾಕಿಸ್ತೀನಿ ಬಾಬಾ,’ ಎಂದ. ಇಷ್ಟು ಪ್ರೀತಿ ಅವನಿಗೆ ಎಷ್ಟೋ ವರ್ಷದಿಂದ ಸಿಕ್ಕಿರಲಿಲ್ಲ. ಅವರ ಕೂದಲಿನ ಎಣ್ಣೆಯ ವಾಸನೆ, ಬೆವರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಓಡಿಹೋಗಬೇಕು ಅನ್ನಿಸಿತು.

ವರ್ನೆಟ್ಟಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳೆಂದು ಅವನಿಗೆ ನೆನಪಾದದ್ದು ಆಗ. ಅಲ್ಲಿ ಈಗ ಯಾರೂ ಇರಲಿಲ್ಲ. ಒಳಗೆ ಪಾತ್ರೆಗಳ ಸದ್ದಿತ್ತು. ಹುಡುಗರು ಮೇಜಿನ ಸುತ್ತ ಸೇರಿ ಬಡಿಸಿಕೊಳ್ಳತೊಡಗಿದರು, ಮಾತು, ನಗು, ಯಾರೋ ಹಾಡು ಹಾಕಿದರು. ಹೇಳದೆ ಹೊರಟುಬಿಡೋಣವೆಂದು ಅವನು ಗೋಡೆ ಹಿಡಿದು ಎದ್ದು ಬಾಗಿಲತ್ತ ನಡೆದ. ಬಾಗಿಲಿಗೆ ಹೋಗಲು ಅಡುಗೆಮನೆಯ ಮುಂದೆಯೇ ಹಾಯಬೇಕಿತ್ತು.

‘ಅಂಕಲ್,’ ಎಂದಳು ವರ್ನೆಟ್ಟಾ. ಒಲೆಯ ಕಡೆ ಮುಖ ಮಾಡಿದ್ದಳು. ‘ಊಟ ಮಾಡ್ದೆ ಹೊರಟ್ರಾ. ಕಟ್ಟಿಕೊಡ್ತೀನಿ, ಇರಿ.’

ಅವನು ಹೊಸ್ತಿಲಲ್ಲಿ ನಿಂತ. ಅವಳು ತಟ್ಟೆ ತೆಗೆದು ಒರೆಸಿದಳು. ಒರೆಸಿದ್ದನ್ನೇ ಇನ್ನೊಮ್ಮೆ ಒರೆಸಿದಳು.

‘ನಾನು ಹುಟ್ಟಿದ್ದು ಎಪ್ಪತ್ತನೇ ಇಸವಿ ಜುಲೈ ಹದಿನಾಲ್ಕು,’ ಎಂದಳು. ‘ಮಂಗಳವಾರ. ರೋಜೆಲ್ ಅಮ್ಮ ಕೊಟ್ಟ ಫೋಟೋಗಳ ಹಿಂದೆ ತೆಗೆದೋರು ತಾರೀಕು ಬರೆದಿದಾರೆ, ಇಮಾರಿ ತೋರಿಸಿದ್ಲು. ಹದಿಮೂರಕ್ಕೆ ಹೆಂಗಸರು ಇದಾರೆ. ಹದಿನೈದಕ್ಕೆ ಇಲ್ಲ.’

ಅಲೋಂಜೊ ಕೈಯಲ್ಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡ.

‘ಹೆರಿಗೆಗೆ ಅಪ್ಪ ಊರಲ್ಲಿರ್ಲಿಲ್ಲ ಅಂತ ಅಮ್ಮ ಸಾಯೋತನಕ ಬೈತಿದ್ರು. ಮಿಸ್ಸಿಸಿಪ್ಪಿಗೆ ಹೋಗಿದ್ರಂತೆ, ಅವರಜ್ಜಿ ಮಣ್ಣಿಗೆ. ನಾನು ಹುಟ್ಟಿ ಮೂರು ದಿನ ಆದ್ಮೇಲೆ ಬಂದು ಎತ್ಕೊಂಡ್ರಂತೆ.’ ಈಗ ಅವಳು ತಿರುಗಿ ನೋಡಿದಳು. ಸಿಟ್ಟಿರಲಿಲ್ಲ. ಅಪ್ಪನದೇ ಕಣ್ಣು, ಸ್ವಲ್ಪ ಇಳಿಬಿದ್ದ ರೆಪ್ಪೆ. ಹೇಳಲಿ ಎಂದು ಕಾಯುತ್ತಿದ್ದಳು. ಈ ಅಡುಗೆಮನೆಯಲ್ಲಿ ಇನ್ನೊಬ್ಬರಿರಲಿಲ್ಲ, ಕೇಳಿಸಿಕೊಳ್ಳಲು ಅವಳೊಬ್ಬಳೇ, ಅವಳಿಗೆ ಹೇಳಿದರೆ ಅವಳಲ್ಲೇ ಉಳಿಯುತ್ತದೆಂದೂ ಅವನಿಗೆ ಗೊತ್ತಿತ್ತು.

‘ಅಪ್ಪ ಹೋಗಿದ್ದು ಯಾವ ವಾರ ಅಂತ ನಿಮ್ಮಮ್ಮನಿಗೆ ತಪ್ಪಿರಬೇಕು ಮಗಳೇ,’ ಎಂದ.

ಬಾಣಲೆಯಲ್ಲಿ ಎಣ್ಣೆ ಸಣ್ಣಗೆ ಸದ್ದು ಮಾಡುತ್ತಿತ್ತು. ಅವಳು ಒಲೆ ಆರಿಸಿದಳು.

‘ಇರ್ಬೇಕು,’ ಎಂದಳು. ‘ಸೊಪ್ಪು ಜಾಸ್ತಿ ಹಾಕ್ಲಾ, ಮೀನು ಜಾಸ್ತಿ ಹಾಕ್ಲಾ?’

‘ಮೀನು,’ ಎಂದ ಅಲೋಂಜೊ.

ಅವಳು ಇನ್ನೆರಡು ತುಂಡು ಹಾಕಿ, ತಟ್ಟೆಗೆ ಕಾಗದ ಸುತ್ತಿ, ಬಿಸಿಯಿದೆ ನೋಡಿಕೊಂಡು ಹಿಡ್ಕೊಳಿ ಎಂದು ಅವನ ಕೈಗೆ ಕೊಟ್ಟಳು.